ಹಸಿರು ಗವಸು

ಮೂರು ರಾತ್ರಿಯಿಂದ ನನ್ನ ಮಗ
ನನ್ನ ಕೈ ಅಳಿಸುತ್ತಿದ್ದಾನೆ.

ಸೆಕೆಂಡಿಗೆ ಇಪ್ಪತ್ತನಾಲ್ಕು ಕೈ, ಅನ್ನುತ್ತಾನೆ ಯೆರ್ಕೊ,
ತಲೆಯೆತ್ತದೆ. ಹನ್ನೊಂದು ಸೆಕೆಂಡು
ನಾನು ಚಿತ್ರದೊಳಗೆ ನುಗ್ಗಿದ್ದೇನಂತೆ.
ಲೆಕ್ಕ ಹಾಕಿದೆ: ಇನ್ನೂರ ಅರವತ್ತನಾಲ್ಕು.
ಕಾರ್ಖಾನೆಯಲ್ಲಿ ಏಡಿ ಬಿಡಿಸುವಾಗ ಅಷ್ಟು ಕೈ ಇದ್ದಿದ್ದರೆ
ಹಗಲಿರುವಾಗಲೇ ಮನೆ ಸೇರುತ್ತಿದ್ದೆ.

ಪುಂತಾ ಅರೇನಾಸಿನ ಗಾಳಿ ನಿಮಗೆ ಗೊತ್ತಿಲ್ಲ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವವರು ಬೇರೆ ಊರಿನವರು,
ಇಲ್ಲಿ ಅದೇ ಬಂದು ಗುದ್ದುತ್ತದೆ.
ಅಂಗಳದಲ್ಲಿ ಕಟ್ಟಿದ ಹಸಿರು ಚಾದರ
ಬೇಲಿ ಹಾರಿ ನೋಲ್ಫಾಳ ಕೋಳಿಗೂಡಿನ ಮೇಲೆ ಕೂತಿತು.
ಹಾಗೆ ಸಿನಿಮಾ ನನ್ನ ಅಡುಗೆಮನೆಗೆ ಬಂತು.
ಗೋಡೆಗೆ ಚಾದರ, ಚಾದರಕ್ಕೆ ಬಟ್ಟೆಯ ಕ್ಲಿಪ್ಪು.
ಇಸ್ತ್ರಿ ಮಾಡಿದ್ದು ನಾನು, ಎರಡು ಸಲ.
ನೆರಿಗೆ ಬಿದ್ದರೆ ಆಕಾಶ ಹರಿಯುತ್ತದಂತೆ.

ಕಥೆ ಏನೆಂದರೆ
ಜಲಸಂಧಿಯ ಮೇಲೆ ಯಾವುದೋ ಲೋಕದ ಹಡಗು ಇಳಿಯುತ್ತದೆ,
ಊರಿಗೆ ಊರೇ ಓಡುತ್ತದೆ
(ಊರು ಅಂದರೆ ಬೂಟಿನ ಡಬ್ಬಗಳು, ಕೆಂಪು ಬಳಿದ ಮಾಡು),
ಓಡದೆ ನಿಂತು ನೋಡುವವಳು ಒಬ್ಬಳೇ, ಪಂತ್ರುಕಾ.
ನಮ್ಮ ನಾಯಿ. ಒಂಬತ್ತು ವರ್ಷ, ಒಂದು ಕಿವಿ ಅರ್ಧ.
ಸೂಪಿಗೆ ಹರಿದು ಹಾಕುವ ಹಿಟ್ಟಿನ ಚೂರಿನ ಹೆಸರು ಅವಳಿಗೆ,
ಮೈಯೂ ಹಾಗೇ, ಬೆಳ್ಳಗೆ, ಮೆತ್ತಗೆ.

'ಬೆರಗು!' ಅಂತ ಕೂಗಿದ ಯೆರ್ಕೊ. ಅವಳು ತುರಿಸಿಕೊಂಡಳು.
'ಭಯ!' ಆಕಳಿಸಿದಳು.
'ಆಕಾಶ ನೋಡೇ, ನಮ್ಮವ್ವಾ!' ತನ್ನ ಬಾಲ ಮೂಸಿದಳು.

ಆಗ ನಾನು ಫ್ರಿಜ್ಜು ತೆರೆದೆ.
ಬಾಗಿಲ ಸದ್ದಿಗೇ ಅವಳ ಮುಖದಲ್ಲಿ ಬೆಳಗಾಯಿತು.
ಹೆಬ್ಬೆರಳಷ್ಟು ಸಾಸೇಜು ಹಿಡಿದು
ಕುರ್ಚಿ ಹತ್ತಿ ಕೈ ಮೇಲೆತ್ತಿದೆ.
ನೋಡಿದಳು.
ದೇವರೇ, ಅದೆಂಥ ನೋಟ.
ನನ್ನ ಮದುವೆಯ ದಿನ ಯಾರೂ ನನ್ನನ್ನು ಹಾಗೆ ನೋಡಲಿಲ್ಲ.

ಈಗ ಕೈ ಹೋಗಬೇಕು, ನೋಟ ಇರಬೇಕು.
ಒಂದೊಂದೇ ಬೆರಳು ಕಿತ್ತು ಆ ಜಾಗಕ್ಕೆ
ಕತ್ತಲೆ ತೇಪೆ ಹಾಕುತ್ತಾನೆ, ಮೇಲೊಂದು ನಕ್ಷತ್ರ.
ಐಸಿಗೆ ಊದಿದ ಗೆಣ್ಣು, ಏಡಿಮುಳ್ಳು ಗೀರಿದ ಕಲೆ,
ಉಂಗುರ ಹೋದ ಮೇಲೂ ಹೋಗದ ಬಿಳಿ ಗೆರೆ.
ಆ ಗೆರೆಯನ್ನು ದೊಡ್ಡದು ಮಾಡಿ ನೋಡಿದ,
ಏನೂ ಕೇಳಲಿಲ್ಲ,
ಅಳಿಸಿದ.
ನಾನು ಪಾತ್ರೆ ಕಲಕುತ್ತಿದ್ದೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ಇಲ್ಲಿ ಕೊಟ್ಟ ಕೈಯೇ ಇರಬಾರದು.

ಹಸಿರಿನದು ಇನ್ನೊಂದು ಕಾಟ.
ಬಿಳಿ ರೋಮದ ಅಂಚಿಗೆಲ್ಲ ಅಂಟಿಕೊಂಡಿದೆ,
ದೋಣಿಯ ಹೊಟ್ಟೆಗೆ ಪಾಚಿಯ ಹಾಗೆ.
ಒಂದೊಂದೇ ಕೂದಲು ತೊಳೆಯುತ್ತ ಕೂತಿದ್ದಾನೆ,
ನಿಜದ ನಾಯಿಗೆ ಸ್ನಾನ ಮಾಡಿಸು ಅಂದರೆ
ಮಾಯವಾಗುವ ಹುಡುಗ.

ನಾಲ್ಕನೆಯ ದಿನ, ಅವಳು ಹಾರುವ ದೃಶ್ಯ.
ಹದಿನಾಲ್ಕು ಕಿಲೊ. ಎತ್ತುವವರು ಬೇಕು, ಕಾಣಬಾರದು.
ಕೆಲಸದಿಂದ ಬರುವಾಗ ಗವಸು ತಂದೆ,
ಮೊಣಕೈ ದಾಟುವ ರಬ್ಬರು, ಹಸಿರು.
ಮೇಸ್ತ್ರಿಗೆ ಹೇಳಿಲ್ಲ, ನೀವೂ ಹೇಳಬೇಡಿ.
'ಅಮ್ಮಾ, ಇವು ತಾವೇ ಮಾಯವಾಗ್ತವೆ!' ಕುಣಿದ ಯೆರ್ಕೊ.
ಮೂರು ರಾತ್ರಿ ಮುಂಚೆ ಕೇಳಿದ್ದರೆ ಆಗುತ್ತಿರಲಿಲ್ಲವೇ, ಪೆದ್ದೇ.
ಉಳಿದ ಮೈಗೆ ಚಾದರ ಹೊದ್ದು, ಉಸಿರು ಬಿಗಿಹಿಡಿದು, ಎತ್ತಿದೆ.
ಭುಜ ಹಳೇ ಬಾಗಿಲಿನಂತೆ ಕಿರುಗುಟ್ಟಿತು.
ನೆನೆದ ಕೋಟಿನ ಹಾಗೆ ನೇತುಬಿದ್ದಿದ್ದವಳು
ಸ್ವಲ್ಪ ಹೊತ್ತಿಗೆ ಮೂಗರಳಿಸಿದಳು.
ರಬ್ಬರಿನಲ್ಲಿ ಏಡಿಯ ವಾಸನೆ ಇತ್ತು.

ನಡುರಾತ್ರಿ ಕರೆದು ತೋರಿಸಿದ.
ಕೆಳಗೆ ಡಬ್ಬದ ಊರು, ಕೆಂಪು ಮಾಡುಗಳು,
ಕಪ್ಪು ನೀರು, ಹಡಗಿನ ನೀಲಿ ಬೆಳಕು,
ನಡುವೆ ಯಾರೂ ಎತ್ತದೆ ತೇಲುತ್ತಿರುವ ಪಂತ್ರುಕಾ,
ಬರಿಯ ಗಾಳಿಯನ್ನು
ನಿಧಾನವಾಗಿ, ಗಮನವಿಟ್ಟು,
ಮೊಣಕೈಯಿಂದ ಮಣಿಕಟ್ಟಿನ ತನಕ
ನೆಕ್ಕುತ್ತಿದ್ದಾಳೆ.

'ಇದನ್ನೂ ತೆಗೀಲಾ?' ಅಂದ.
ಏನು ತೆಗೀತೀಯೋ, ಅಂದೆ,
ಅಲ್ಲಿ ಯಾರೂ ಇಲ್ಲವಲ್ಲ.